ಬಾಗಿಲಿನಿಂದ ಊಟದ ಮನೆಗೆ ಎಷ್ಟು ಹೆಜ್ಜೆ?

ಚೆನ್ನೈನ ನುಂಗಂಬಾಕ್ಕಂನಲ್ಲಿರುವ ನಮ್ಮ ಬೀದಿಯ ಹಳೆಯ ಫ್ಲ್ಯಾಟುಗಳಿಗೆ ಲಿಫ್ಟ್ ಇಲ್ಲ. ನಲವತ್ತು ವರ್ಷದ ಹಿಂದೆ, ಗೃಹಪ್ರವೇಶದ ದಿನ ಎರಡೆರಡು ಮೆಟ್ಟಿಲು ದಾಟಿ ಮೂರು ಮಹಡಿ ಹತ್ತಿದವರು ಈಗ ಕಂಬಿ ಹಿಡಿದು, ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡು ಹತ್ತುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಸಿಂಗಪುರದಲ್ಲೋ ನ್ಯೂಜೆರ್ಸಿಯಲ್ಲೋ ಇದ್ದಾರೆ. ಸಂಜೆ ಕಾಂಪೌಂಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತಾಗ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಇಲ್ಲಿಗೇ ಬರುತ್ತದೆ: ಇಲ್ಲೇ ಇರುವುದೋ, ರಿಟೈರ್‌ಮೆಂಟ್ ಕಮ್ಯುನಿಟಿಗೆ ಹೋಗುವುದೋ? ಹೋದರೆ ಕೊಯಮತ್ತೂರೋ, ಬೆಂಗಳೂರೋ, ಇಲ್ಲೇ ಕೇಳಂಬಾಕ್ಕಂ ಕಡೆಯೋ?

ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಲು ಬೇಕಾದಷ್ಟು ಜನರಿದ್ದಾರೆ, ಬಣ್ಣದ ಬ್ರೋಷರುಗಳಿವೆ. ಮೂರನೆಯದೊಂದು ಪ್ರಶ್ನೆಯನ್ನು ಮಾತ್ರ ಹೆಚ್ಚಿನವರು ದುಡ್ಡು ಕಟ್ಟಿದ ಮೇಲೆ ಕೇಳುತ್ತಾರೆ. ನೂರಾರು ಮನೆಗಳಿರುವ ಆ ದೊಡ್ಡ ಬಡಾವಣೆಯೊಳಗೆ ನಮ್ಮ ಮನೆ ಎಲ್ಲಿರಬೇಕು? ಯಾವ ಬ್ಲಾಕು, ಯಾವ ಸಾಲು, ಯಾವ ಮಹಡಿ, ಯಾರ ಪಕ್ಕ? ಬಂಧುಗಳ ಜೊತೆ, ನೆರೆಯವರ ಜೊತೆ ಇಂಥ ಬಡಾವಣೆಗಳಿಗೆ ಹತ್ತಾರು ಸಲ ಹೋಗಿ ಬಂದ ಮೇಲೆ ನನಗೆ ಮನದಟ್ಟಾಗಿರುವುದು ಇಷ್ಟು: ವಯಸ್ಸಾದವರಿಗೆ ಊರು ಎಂದರೆ ಅವರ ಕಾಲು ತಾನಾಗಿ ಹೋಗಿ ಬರುವಷ್ಟು ಜಾಗ. ಉಳಿದದ್ದೆಲ್ಲ ನಕ್ಷೆ. ಆದ್ದರಿಂದ ಊರಿಗಿಂತ, ಬಡಾವಣೆ ಕಟ್ಟುವ ಕಂಪನಿಗಿಂತ ಆ ಮೂರನೆಯ ಪ್ರಶ್ನೆಯೇ ದೊಡ್ಡದು.

ಒಂದೇ ಹೆಸರು, ಹಲವು ಕೇರಿ

ಇದನ್ನು ತಿಳಿಯಲು ನುಂಗಂಬಾಕ್ಕಂ ಒಂದನ್ನೇ ನೋಡಿದರೆ ಸಾಕು. ಕಾಲೇಜ್ ರಸ್ತೆಯ ಕಡೆ 1792ರಷ್ಟು ಹಿಂದೆಯೇ ಖಗೋಳ ವೀಕ್ಷಣಾಲಯ ಕಟ್ಟಿದರು; ಹವಾಮಾನ ಕೇಂದ್ರ ಇಂದಿಗೂ ಅಲ್ಲೇ ಇದೆ. ಅದೇ ರಸ್ತೆಯಲ್ಲಿ 1978ರಲ್ಲಿ ಶುರುವಾದ ಶಂಕರ ನೇತ್ರಾಲಯ, ಸ್ವಲ್ಪ ಆಚೆ ಗ್ರೀಮ್ಸ್ ರಸ್ತೆಯಲ್ಲಿ 1983ರ ಅಪೋಲೊ ಆಸ್ಪತ್ರೆ. ಆ ಕಡೆ ಮನೆಯಿರುವ ಹಿರಿಯರು ಕಣ್ಣು ತೋರಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ಖಾದರ್ ನವಾಜ್ ಖಾನ್ ರಸ್ತೆಯ ಕಡೆಯವರಿಗೆ ಅಂಗಡಿ, ಹೋಟೆಲು ಎಲ್ಲ ಕೈಗೆಟುಕುವಷ್ಟು ಹತ್ತಿರ. ಆದರೆ ಸಂಜೆ ರಸ್ತೆ ದಾಟಲು ಇನ್ನೊಬ್ಬರ ಕೈ ಬೇಕು. ಪಶ್ಚಿಮದ ಲೇಕ್ ಏರಿಯಾದಲ್ಲಿ ಅಡ್ಡರಸ್ತೆಗಳು ನೇರವಾಗಿವೆ, ಗದ್ದಲ ಕಡಿಮೆ, ಬೆಳಗಿನ ನಡಿಗೆಗೆ ಹೇಳಿ ಮಾಡಿಸಿದ ಜಾಗ. ಆದರೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅಲ್ಲಿ ಕೆರೆಯಿತ್ತು. ಲಾಂಗ್ ಟ್ಯಾಂಕ್ ಎಂಬ ಹಳೆಯ ಕೆರೆಯಿದ್ದ ಜಾಗದಲ್ಲಿ 1920ರ ದಶಕದಲ್ಲಿ ಟಿ. ನಗರ ಎದ್ದಿತು. ನುಂಗಂಬಾಕ್ಕಂ ಕೆರೆಯೂ ಮುಚ್ಚಿಹೋಯಿತು. ಅದರ ಅಂಗಳದಲ್ಲೇ 1976ರಲ್ಲಿ ವಳ್ಳುವರ್ ಕೋಟ್ಟಂ ಕಟ್ಟಿದರು. ತಮಿಳರ ಐಪ್ಪಸಿ, ಕಾರ್ತಿಕ ತಿಂಗಳುಗಳ ಮಳೆ ಜೋರಾದಾಗ ನೀರು ತನ್ನ ಹಳೆಯ ಮನೆಯ ದಾರಿ ಹುಡುಕಿಕೊಂಡು ಬರುತ್ತದೆ.

ಇಲ್ಲಿ ಬಾಡಿಗೆಗೆ ಮನೆ ಹುಡುಕುವ ಯಾರೂ ‘ನುಂಗಂಬಾಕ್ಕಂ’ ಎಂದಷ್ಟೇ ಕೇಳಿ ಮುಂಗಡ ಕೊಡುವುದಿಲ್ಲ. ಯಾವ ಬೀದಿ, ಎಷ್ಟನೆಯ ಮಹಡಿ, ಮಳೆಗೆ ನೀರು ನಿಲ್ಲುತ್ತದೆಯೇ, ಮೆಟ್ರೋ ವಾಟರ್ ಬರುತ್ತದೆಯೇ ಎಂದು ನಾಲ್ಕು ಜನರನ್ನು ವಿಚಾರಿಸುತ್ತಾರೆ. ಅದೇ ಜನ ಕೊನೆಯ ಮನೆಯನ್ನು ಕೊಳ್ಳುವಾಗ ಬಡಾವಣೆಯ ಹೆಸರು ಕೇಳಿ, ಮಾದರಿ ಮನೆ ನೋಡಿ ಸಹಿ ಹಾಕಿಬಿಡುತ್ತಾರೆ.

ಈ ಬಡಾವಣೆಗಳು ಬಂದ ದಾರಿ

ಹಿರಿಯರಿಗೆಂದೇ ಊರು ಕಟ್ಟುವ ಯೋಚನೆಗೆ ಜಗತ್ತಿನಲ್ಲಿ ದೊಡ್ಡ ಹೆಸರು ತಂದದ್ದು ಅಮೆರಿಕದ ಅರಿಜೋನಾದ ಸನ್ ಸಿಟಿ. ಡೆಲ್ ವೆಬ್ ಎಂಬ ಕಟ್ಟಡ ಉದ್ಯಮಿ ಅದನ್ನು 1960ರ ಜನವರಿ 1ರಂದು ತೆರೆದರು. ಅದಕ್ಕಿಂತ ಎಷ್ಟೋ ದೊಡ್ಡದಾಗಿ ಬೆಳೆದದ್ದು ಫ್ಲಾರಿಡಾದ ‘ದಿ ವಿಲೇಜಸ್’. 2020ರ ಜನಗಣತಿಯ ಹೊತ್ತಿಗೆ ಆ ಪ್ರದೇಶದಲ್ಲಿ ಸುಮಾರು 1.3 ಲಕ್ಷ ಜನರಿದ್ದರು. ಹೆಸರೇ ಹೇಳುವಂತೆ ಅದು ಒಂದು ಊರಲ್ಲ, ಹಲವು ಹಳ್ಳಿಗಳ ಗೊಂಚಲು. ನಡುನಡುವೆ ಸಂಜೆ ಸಂಗೀತ ನಡೆಯುವ ಚೌಕಗಳು, ಮನೆಯಿಂದ ಚೌಕಕ್ಕೆ ಗಾಲ್ಫ್ ಕಾರ್ಟಿನಲ್ಲಿ ಹೋಗುವ ಪ್ರತ್ಯೇಕ ದಾರಿ. ಅಲ್ಲಿ ಮನೆ ಕೊಳ್ಳುವವರು ಮೊದಲು ಲೆಕ್ಕ ಹಾಕುವುದು ಯಾವ ಹಳ್ಳಿ, ಚೌಕಕ್ಕೆ ಎಷ್ಟು ನಿಮಿಷ ಎಂದು.

ನಮ್ಮಲ್ಲಿ ದಾರಿ ಬೇರೆಯಾಗಿತ್ತು. ವೃದ್ಧಾಶ್ರಮ ಎಂಬ ಪದಕ್ಕೆ ಅನಾಥತೆಯ ನೆರಳು ಅಂಟಿಕೊಂಡಿತ್ತು. ಚೆನ್ನೈನಲ್ಲಿ 1978ರಲ್ಲಿ ಸಾವಿತ್ರಿ ವೈತಿ ಶುರುಮಾಡಿದ ‘ವಿಶ್ರಾಂತಿ’ ಯಾರೂ ಇಲ್ಲದ ಹಿರಿಯರಿಗೆ ಆಸರೆಯಾಗಿ ಹುಟ್ಟಿತು. ಸ್ವಂತ ದುಡ್ಡಿನಲ್ಲಿ, ಸ್ವಂತ ಇಷ್ಟದಿಂದ ಹೋಗಿ ನೆಲೆಸುವ ಬಡಾವಣೆಗಳು ಗಟ್ಟಿಯಾಗಿ ಬೇರೂರಿದ್ದು 2000ದ ನಂತರ: ಪುಣೆಯಲ್ಲಿ ಅಥಶ್ರೀ, ರಾಜಸ್ಥಾನದ ಭಿವಾಡಿಯಲ್ಲಿ ಆಶಿಯಾನಾ ಉತ್ಸವ್, ಕೊಯಮತ್ತೂರಿನಲ್ಲಿ ಕೋವೈ ಕೇರ್ ಮತ್ತು ನಾನಾ ನಾನಿ. ಬೆಂಗಳೂರಿನ ಕನಕಪುರ ರಸ್ತೆ, ದೇವನಹಳ್ಳಿ ಕಡೆಗಳಲ್ಲೂ, ಚೆನ್ನೈನ ಮರೈಮಲೈ ನಗರ, ಕೇಳಂಬಾಕ್ಕಂಗಳಲ್ಲೂ ಇಂಥವು ಎದ್ದವು. ಕಾರಣ ಅಂಕಿಗಳಲ್ಲೇ ಇದೆ. 2011ರ ಜನಗಣತಿಯಂತೆ ದೇಶದಲ್ಲಿ ಅರುವತ್ತು ದಾಟಿದವರು ಶೇ. 8.6, ಕರ್ನಾಟಕದಲ್ಲಿ ಶೇ. 9.5, ತಮಿಳುನಾಡಿನಲ್ಲಿ ಶೇ. 10.4. 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರ ವರದಿಯಲ್ಲಿ ಅಂದಾಜಿಸಿದೆ.

ಮದರಾಸಿನ ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಒಂದು ಸುತ್ತು ಬಿಗಿ. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳು ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಓದಿಗೆ, ಹೈಕೋರ್ಟಿಗೆ, ಸರ್ಕಾರಿ ಕೆಲಸಕ್ಕೆ ಬಂದವರು, ಉಡುಪಿ ಕಡೆಯಿಂದ ಹೋಟೆಲು ನಡೆಸಲು ಬಂದವರು, ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ಕನ್ನಡ ಸಿನಿಮಾ ತಯಾರಾಗುತ್ತಿದ್ದ ವರ್ಷಗಳಲ್ಲಿ ಬಂದವರು ಇಲ್ಲೇ ಬೇರು ಬಿಟ್ಟರು. 1956ರಲ್ಲಿ ರಾಜ್ಯಗಳು ಬೇರೆಯಾದವು, ಆಮೇಲೆ ಚಿತ್ರರಂಗವೂ ಬೆಂಗಳೂರಿಗೆ ಹೋಯಿತು. ಉಳಿದ ಮನೆಗಳ ಮಕ್ಕಳೇ ಈಗ ಎಪ್ಪತ್ತು, ಎಂಬತ್ತು ದಾಟಿದವರು. ಊರಿಗೆ ವಾಪಸಾಗೋಣವೆಂದರೆ ಊರಿನ ಮನೆ ಪಾಲಾಗಿ ಹೋಗಿದೆ. ಹೋಗುವುದಾದರೆ ಹೊಸದಾಗಿ ಒಂದು ಕೇರಿಯನ್ನು ಆರಿಸಿಕೊಳ್ಳದೆ ಅವರಿಗೆ ಬೇರೆ ದಾರಿಯಿಲ್ಲ.

ಕ್ಯಾರಿಯರಿನ ಎರಡು ಡಬ್ಬಿ

ನನ್ನ ದೊಡ್ಡಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕೊಯಮತ್ತೂರಿನ ಹೊರವಲಯದ ಒಂದು ಬಡಾವಣೆಗೆ ಹೋದರು. ಅವರು ಮೆಚ್ಚಿಕೊಂಡದ್ದು ಕೊನೆಯ ಸಾಲಿನ ಒಂಟಿ ಮನೆ. ಹಿತ್ತಲಿನಿಂದ ಬೆಟ್ಟ ಕಾಣುತ್ತಿತ್ತು. ಮುಂದೆ ಒಂದು ಪಾರಿಜಾತ, ಎರಡು ಕರಿಬೇವು ನೆಡುವಷ್ಟು ಮಣ್ಣಿತ್ತು. ನಾಲ್ಕು ದಶಕ ಫ್ಲ್ಯಾಟಿನಲ್ಲಿ ಕಳೆದ ಹೆಂಗಸಿಗೆ ಅಷ್ಟು ಮಣ್ಣು ದೊಡ್ಡ ಭಾಗ್ಯ. ಊಟದ ಮನೆ, ನರ್ಸ್ ಕೂರುವ ಕೊಠಡಿ, ಭಜನೆ ನಡೆಯುವ ಹಾಲ್ ಎಲ್ಲ ಗೇಟಿನ ಹತ್ತಿರ. ಮೊದಲ ಮೂರು ವರ್ಷ ಆ ದೂರ ದೂರವೇ ಅನ್ನಿಸಲಿಲ್ಲ. ಊಟಕ್ಕೆ ಹೋಗಿ ಬರುವುದೇ ವ್ಯಾಯಾಮ ಎನ್ನುತ್ತಿದ್ದರು.

ನಾಲ್ಕನೆಯ ವರ್ಷ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಊಟ ಕ್ಯಾರಿಯರಿನಲ್ಲಿ ಮನೆಗೇ ಬರತೊಡಗಿತು. ಹೊತ್ತಿಗೆ ಸರಿಯಾಗಿ, ಬಿಸಿಬಿಸಿಯಾಗಿ ತಂದುಕೊಡುತ್ತಿದ್ದರು. ಯಾರ ತಪ್ಪೂ ಇರಲಿಲ್ಲ. ನಾನು ಹೋದ ದಿನ ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಮೇಜಿನ ಮೇಲೆ ನಾಲ್ಕು ಡಬ್ಬಿಯ ಕ್ಯಾರಿಯರು; ಎರಡು ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. “ಒಬ್ಬಳೇ ಕೂತು ತಿನ್ನೋದಾಗಿದ್ರೆ ಮದ್ರಾಸಲ್ಲೇ ಇರ್ತಿದ್ನಲ್ಲ ಮಗು” ಎಂದರು. ಊಟ ಮನೆಗೆ ಬಂದಂದಿನಿಂದ ಊಟದ ಮೇಜಿನ ಮಾತು ನಿಂತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಲು, ಯಾರ ಮೊಮ್ಮಗಳಿಗೆ ಮದುವೆ ಗೊತ್ತಾಯಿತೆಂದು ಕೇಳಲು ಜನ ಇರಲಿಲ್ಲ.

ಹೊರಡುವಾಗ ನಾನು ಅವರ ಬಾಗಿಲಿನಿಂದ ಊಟದ ಮನೆಗೆ ಹೆಜ್ಜೆ ಎಣಿಸುತ್ತ ನಡೆದೆ. 410 ಹೆಜ್ಜೆ. ನೆರಳು ಅರ್ಧ ದಾರಿಗೆ ಮಾತ್ರ. ನಡುವೆ ಕೂರಲು ಒಂದು ಕಲ್ಲುಬೆಂಚೂ ಇಲ್ಲ. ಮರುವರ್ಷ ಅವರು ಅದೇ ಬಡಾವಣೆಯಲ್ಲಿ ಊಟದ ಮನೆಯ ಎದುರಿನ ಸಣ್ಣ ಫ್ಲ್ಯಾಟಿಗೆ ಬಂದರು. ಬೆಟ್ಟ ಹೋಯಿತು, ಪಾರಿಜಾತ ಹೋಯಿತು, ಒಂದು ಕರಿಬೇವು ಮಾತ್ರ ಕುಂಡದಲ್ಲಿ ಜೊತೆಗೆ ಬಂತು. ಈಗ 55 ಹೆಜ್ಜೆ. ಊಟಕ್ಕೆ ಕಾಲು ಗಂಟೆ ಮೊದಲೇ ಹೋಗಿ ಜಾಗ ಹಿಡಿದು ಕೂರುತ್ತಾರೆ.

ಅದೇ ಊರು, ಅದೇ ಅಡುಗೆ, ಅದೇ ಆಡಳಿತ. ಬದಲಾದದ್ದು ಬಡಾವಣೆಯೊಳಗಿನ ಜಾಗ ಮಾತ್ರ. ಮನೆ ನೋಡುವ ದಿನ ನಾವು ಇವತ್ತಿನ ಕಾಲಿನಿಂದ ಅಳೆಯುತ್ತೇವೆ. ವಾಸ ಮಾಡುವುದು ಹತ್ತು ವರ್ಷದ ನಂತರದ ಕಾಲಿನಲ್ಲಿ.

ನೀರು, ಮಹಡಿ, ಇಳಿಜಾರು

ಹೆಜ್ಜೆಯ ನಂತರ ನೋಡಬೇಕಾದ್ದು ನೆಲ. 2015ರ ಡಿಸೆಂಬರಿನ ನೆರೆಯನ್ನು, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನು ಕಂಡ ಚೆನ್ನೈನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಳ್ಳಿಕರಣೈ ಜೌಗು ನೆಲದ ಸುತ್ತ ಎದ್ದ ಬಡಾವಣೆಗಳಲ್ಲಿ ನೆಲಮಹಡಿಯವರು ಪಟ್ಟ ಪಾಡು ಎಲ್ಲರ ಕಣ್ಣಮುಂದಿದೆ. ಮಂಡಿ ನೋವಿದೆಯೆಂದು ನೆಲಮಹಡಿ ಆರಿಸಿಕೊಳ್ಳುವುದು ಸರಿಯೇ. ಆದರೆ ಆ ಬ್ಲಾಕು ಬಡಾವಣೆಯ ತಗ್ಗಿನಲ್ಲಿದ್ದರೆ ಅನುಕೂಲವೇ ಅಪಾಯವಾಗುತ್ತದೆ. ಮೊದಲ ಅಥವಾ ಎರಡನೆಯ ಮಹಡಿ, ಜೊತೆಗೆ ಸ್ಟ್ರೆಚರ್ ಹಿಡಿಸುವ ಲಿಫ್ಟ್, ಕರೆಂಟು ಹೋದಾಗ ಆ ಲಿಫ್ಟನ್ನು ನಡೆಸುವ ಜನರೇಟರ್: ಈ ಮೂರೂ ಒಟ್ಟಿಗಿದ್ದರೆ ನೆಮ್ಮದಿ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತದೆಯೇ ಎಂದು ಕೇಳಿದರೆ ಸಾಲದು, ಒಳಗೆ ಹೋಗಿ ಕೈಚಾಚಿ ನೋಡಬೇಕು.

ನೀರು ಹೆಚ್ಚಾದರೆ ಹೇಗೋ ಕಡಿಮೆಯಾದರೂ ಹಾಗೇ. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರುಣಿಸುವ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬತ್ತಿ, ಬಿಂದಿಗೆ ಹಿಡಿದು ಲಾರಿಗೆ ಕಾದವರಲ್ಲಿ ಹಿರಿಯರೂ ಇದ್ದರು. ಶಿರುವಾಣಿ ನೀರಿನ ಹೆಸರಿನಿಂದಲೂ ಪಾಲ್ಘಾಟ್ ಕಣಿವೆಯಿಂದ ಬೀಸುವ ತಂಪು ಗಾಳಿಯಿಂದಲೂ ಕೊಯಮತ್ತೂರು ಚೆನ್ನೈನವರನ್ನು ಸೆಳೆಯುತ್ತದೆ. ಆದರೆ ಅಲ್ಲಿಯೂ ಊರ ಹೊರಗಿನ ಬಡಾವಣೆಗೆ ಶಿರುವಾಣಿ ಬರುತ್ತದೆಯೋ ಕೊಳವೆಬಾವಿಯೇ ಗತಿಯೋ ಎಂದು ಬ್ಲಾಕಿನಿಂದ ಬ್ಲಾಕಿಗೆ ಕೇಳಬೇಕು.

ಇಳಿಜಾರಿಗೂ ಒಂದು ಲೆಕ್ಕವಿದೆ. ಗಾಲಿಕುರ್ಚಿಗೆ ಸರಿಹೋಗಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಬಾಗಿಲ ಮುಂದೆ ಮೂರಡಿ ಸಿಮೆಂಟು ಬಳಿದು ಅದನ್ನೇ ರ್‍ಯಾಂಪ್ ಎಂದು ತೋರಿಸಿದರೆ ನಂಬಬಾರದು. ಕುರ್ಚಿ ತಳ್ಳುವವರೂ ಹೆಚ್ಚಿನ ಮನೆಗಳಲ್ಲಿ ಎಪ್ಪತ್ತು ದಾಟಿದವರೇ.

ಪಕ್ಕದ ಬಾಗಿಲಿನ ಮಾತು

ನೆರೆಹೊರೆಯನ್ನು ದುಡ್ಡು ಕೊಟ್ಟು ಕೊಳ್ಳಲಾಗದು. ಆದರೆ ಆರಿಸಿಕೊಳ್ಳಲು ಸಾಧ್ಯವಿದೆ. ವಯಸ್ಸು ಹೆಚ್ಚಿದಂತೆ ಆಮೇಲೆ ಕಲಿತ ಭಾಷೆಗಳು ಹಿಂದೆ ಸರಿದು ತಾಯಿಮಾತು ಮುಂದೆ ಬರುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಅರುವತ್ತು ವರ್ಷ ತಮಿಳಿನಲ್ಲಿ ವ್ಯವಹಾರ ಮಾಡಿದ ಹೋಟೆಲಿನ ಯಜಮಾನರೊಬ್ಬರು ಮರೆವು ಶುರುವಾದ ಮೇಲೆ ಕನ್ನಡದಲ್ಲಷ್ಟೇ ನೀರು ಕೇಳುತ್ತಿದ್ದರು. ನರ್ಸಿಗೆ ಆ ಒಂದು ಪದ ಗೊತ್ತಿಲ್ಲದಿದ್ದರೆ ಎಷ್ಟು ದೊಡ್ಡ ಬಡಾವಣೆಯಾದರೇನು?

ಕೊಯಮತ್ತೂರಿನ ಸುತ್ತ ದೇವಾಂಗರ, ಒಕ್ಕಲಿಗರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಉಳಿದಿದೆ. ಅಡುಗೆಮನೆಯಲ್ಲೋ ತೋಟದಲ್ಲೋ ಅಂಥವರೊಬ್ಬರು ಸಿಕ್ಕರೆ ಹಿರಿಯರ ಮುಖ ಅರಳುವುದನ್ನು ನೋಡಬೇಕು. ಬೆಂಗಳೂರಿನ ಬಡಾವಣೆಗಳಲ್ಲಿ ಭಾಷೆಯ ಚಿಂತೆ ಇರಲಾರದೆಂದು ಹೋಗುವವರಿದ್ದಾರೆ; ಅಲ್ಲಿಗೆ ದೇಶದ ಎಲ್ಲ ಕಡೆಯವರೂ ಬರುತ್ತಾರೆ, ಸಾಲಿನಲ್ಲಿ ಒಂದೇ ಕನ್ನಡದ ಮನೆಯಿರುವುದೂ ಉಂಟು. ಆದ್ದರಿಂದ ರಾಜ್ಯ ನೋಡಿದರೆ ಸಾಲದು, ಸಾಲು ನೋಡಬೇಕು. ಎಡಕ್ಕೆ ಯಾರು, ಬಲಕ್ಕೆ ಯಾರು, ಎದುರಿಗೆ ಯಾರು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಜಾತಿ ಹುಡುಕಲೆಂದು ಕೇಳುವ ಪ್ರಶ್ನೆಯಲ್ಲ ಇದು. ರಾತ್ರಿ ಎರಡು ಗಂಟೆಗೆ ಗೋಡೆ ತಟ್ಟಿದರೆ ಏಳುವವರು ಯಾರು ಎಂಬ ಪ್ರಶ್ನೆ.

ಇನ್ನೊಂದು ಚರ್ಚೆ ಆರೈಕೆಯ ಬ್ಲಾಕಿನ ಬಗ್ಗೆ. ಹಾಸಿಗೆ ಹಿಡಿದವರು, ಮರೆವಿನವರು ಇರುವ ಕಟ್ಟಡದ ಪಕ್ಕ ಮನೆ ಬೇಡ, ಆಂಬುಲೆನ್ಸ್ ನೋಡಿ ನೋಡಿ ಮನಸ್ಸು ಕುಗ್ಗುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ದಂಪತಿಯಲ್ಲಿ ಒಬ್ಬರು ಆ ಕಟ್ಟಡ ಸೇರುವ ದಿನ ಬರಬಹುದು. ಆಗ ಇನ್ನೊಬ್ಬರು ದಿನಕ್ಕೆ ಎರಡು ಸಲ ನಡೆದುಹೋಗಿ ಕೈಹಿಡಿದು ಕೂರುವಷ್ಟು ಹತ್ತಿರ ಮನೆಯಿರಬೇಕು. ಬಾಗಿಲು ಆ ಕಡೆಗೆ ತೆರೆಯದಿರಲಿ, ದಾರಿ ಮಾತ್ರ ಹತ್ತಿರವಿರಲಿ ಎಂಬುದು ನನ್ನ ಮತ.

ಕಾಗದದ ಮೇಲಿನ ಕೇರಿ

ದೊಡ್ಡ ಬಡಾವಣೆ ಒಂದೇ ಸಲ ಎದ್ದು ನಿಲ್ಲುವುದಿಲ್ಲ. ಹಂತ ಹಂತವಾಗಿ ಬೆಳೆಯುತ್ತದೆ. 2016ರ ರೇರಾ (ಸ್ಥಿರಾಸ್ತಿ ನಿಯಂತ್ರಣ) ಕಾಯ್ದೆಯಂತೆ ಪ್ರತಿ ಹಂತವೂ ಪ್ರತ್ಯೇಕ ಯೋಜನೆಯಾಗಿ ನೋಂದಣಿಯಾಗಬೇಕು. ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇ. 70ರಷ್ಟನ್ನು ಬೇರೆ ಖಾತೆಯಲ್ಲಿಡಬೇಕು. ಕೊಳ್ಳುವವರಿಗೆ ಇದರಿಂದ ಎರಡು ಲಾಭ. ನಮ್ಮ ಬ್ಲಾಕು ಯಾವ ಹಂತದ್ದು, ಕ್ಲಿನಿಕ್ಕು ಮತ್ತು ಊಟದ ಮನೆ ಯಾವ ಹಂತದ್ದು ಎಂದು ರೇರಾ ದಾಖಲೆಯಲ್ಲಿ ನೋಡಬಹುದು. ಮೂರನೆಯ ಹಂತದಲ್ಲಿ ಬರುವ ಊಟದ ಮನೆಗೆ ಮೊದಲ ಹಂತದವರು ವರ್ಷಗಟ್ಟಲೆ ಕಾಯುವ ಪಾಡು ಬೇಡ. ಕಟ್ಟಿ ಮುಗಿಯದ ಹಂತದ ಪಕ್ಕದ ಸಾಲಿಗೆ ಧೂಳು, ಲಾರಿ, ಕಲ್ಲು ಕೊರೆಯುವ ಸದ್ದು ತಪ್ಪದೆಂಬುದೂ ಮೊದಲೇ ಗೊತ್ತಾಗುತ್ತದೆ.

ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಗಾಲಿಕುರ್ಚಿ ಓಡಾಡುವಂಥ ವಿನ್ಯಾಸ, ಜಾರದ ನೆಲ, ತುರ್ತು ನೆರವಿನ ವ್ಯವಸ್ಥೆ ಎಲ್ಲ ಅದರಲ್ಲಿವೆ. ಮಾದರಿ ಎಂದಮೇಲೆ ಅದನ್ನು ಕಡ್ಡಾಯ ಮಾಡುವುದು ರಾಜ್ಯಗಳ ಕೈಯಲ್ಲಿದೆ. ಕೊಳ್ಳುವವರು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮನೆ ನೋಡಲು ಹೋಗಲಿ. ಕರಾರಿನಲ್ಲಿ ಕೇಳಬೇಕಾದ್ದು ಇನ್ನೂ ಕೆಲವಿವೆ. ಮನೆ ಸ್ವಂತಕ್ಕೋ, ಠೇವಣಿಯ ಮೇಲಿನ ವಾಸಕ್ಕೋ? ತಿಂಗಳ ಖರ್ಚು ಯಾವ ಲೆಕ್ಕದಲ್ಲಿ ಏರುತ್ತದೆ? ಬಿಲ್ಡರ್ ಕೈಬಿಟ್ಟ ಮೇಲೆ ಅಡುಗೆಮನೆ ನಡೆಸುವವರು ಯಾರು? ಒಬ್ಬರೇ ಉಳಿದಾಗ ದೊಡ್ಡ ಮನೆ ಬಿಟ್ಟು ಹತ್ತಿರದ ಸಣ್ಣ ಮನೆಗೆ ಬರಲು ಅವಕಾಶವಿದೆಯೇ? ದೊಡ್ಡಮ್ಮನನ್ನು ಕಾಪಾಡಿದ್ದು ಈ ಕೊನೆಯ ಅನುಕೂಲ.

ಮನೆ ಕೊಳ್ಳಲೆಂದು ಇರುವ ಆಸ್ತಿಯನ್ನು ಮೊದಲೇ ಮಕ್ಕಳಿಗೆ ಬರೆದುಕೊಟ್ಟವರೂ ಇದ್ದಾರೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದು, ಆ ಷರತ್ತು ಮುರಿದರೆ, 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೆಯ ಕಲಮಿನಂತೆ ಆ ದಾನಪತ್ರವನ್ನು ರದ್ದುಮಾಡಿಸಬಹುದು. ಹಾಗಾಗಿ ಷರತ್ತನ್ನು ಪತ್ರದಲ್ಲೇ ಬರೆಸುವುದು ಜಾಣತನ.

ಹೋಗದವರ ಕೇರಿ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಹೆಚ್ಚಿನ ಹಿರಿಯರು ಎಲ್ಲಿಗೂ ಹೋಗುವುದಿಲ್ಲ. ಕೆಲವರಿಗೆ ದುಡ್ಡು ಸಾಲದು, ಕೆಲವರಿಗೆ ಮನಸ್ಸು ಬಾರದು. ಅವರ ಮಟ್ಟಿಗೆ ಇದ್ದ ಕೇರಿಯನ್ನೇ ವಯಸ್ಸಿಗೆ ಒಗ್ಗಿಸಿಕೊಳ್ಳುವುದು ದಾರಿ. ನುಂಗಂಬಾಕ್ಕಂನಂಥ ಹಳೆಯ ಬಡಾವಣೆಗೆ ಆ ಶಕ್ತಿಯಿದೆ. ನಮ್ಮ ಬೀದಿಯ ಮರದಡಿಯ ಇಸ್ತ್ರಿ ಬಂಡಿಯಾತ ಯಾವ ಮನೆಯ ಅಜ್ಜ ಎರಡು ದಿನದಿಂದ ಕೆಳಗೆ ಬಂದಿಲ್ಲ ಎಂದು ಬಲ್ಲ. ಬಾಗಿಲಲ್ಲಿ ಆವಿನ್ ಹಾಲಿನ ಪ್ಯಾಕೆಟ್ಟು ಎಂಟು ಗಂಟೆಯಾದರೂ ಹಾಗೇ ಇದ್ದರೆ ಹೂವಿನಾಕೆ ಗಂಟೆ ಒತ್ತುತ್ತಾಳೆ. ಇಂಥ ಕಣ್ಣುಗಳನ್ನು ಯಾವ ಬಡಾವಣೆಯೂ ಬ್ರೋಷರಿನಲ್ಲಿ ಸೇರಿಸಲಾರದು. ಗಿಂಡಿಯಲ್ಲಿ 2024ರಲ್ಲಿ ಹಿರಿಯರಿಗೆಂದೇ 200 ಹಾಸಿಗೆಗಳ ರಾಷ್ಟ್ರೀಯ ವೃದ್ಧಾಪ್ಯ ಕೇಂದ್ರ ತೆರೆದಿರುವುದೂ ಇಲ್ಲೇ ಉಳಿಯುವವರಿಗೆ ಬಲ. ಲಿಫ್ಟ್ ಇಲ್ಲದ ಕಟ್ಟಡಗಳಿಗೆ ತಮಿಳುನಾಡಿನ 2022ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಒಂದು ದಾರಿ ತೆರೆದಿದೆ: ಮೂರನೇ ಎರಡರಷ್ಟು ಮಾಲೀಕರು ಒಪ್ಪಿದರೆ ಕೆಡವಿ ಹೊಸದಾಗಿ ಕಟ್ಟಬಹುದು. ಆದರೆ ಎಂಬತ್ತರ ವಯಸ್ಸಿನಲ್ಲಿ ಎರಡು ಮೂರು ವರ್ಷ ಬಾಡಿಗೆ ಮನೆಯಲ್ಲಿ ಕಳೆಯುವುದು ಸುಲಭದ ಮಾತಲ್ಲ.

ಹೋಗುವವರಿಗೆ ನನ್ನ ಕಳಕಳಿಯ ವಿನಂತಿ ಇಷ್ಟೇ. ಸಹಿ ಹಾಕುವ ಮೊದಲು ಮಳೆಗಾಲದ ಒಂದು ವಾರ ಅಲ್ಲಿಯೇ ಬಾಡಿಗೆಗೆ ಇದ್ದು ನೋಡಿ. ಕೊಳ್ಳಬೇಕೆಂದಿರುವ ಮನೆಯ ಬಾಗಿಲಿನಿಂದ ಊಟದ ಮನೆಗೆ, ನರ್ಸಿನ ಕೊಠಡಿಗೆ, ಗೇಟಿನ ಆಟೋಗೆ ಹೆಜ್ಜೆ ಎಣಿಸಿ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನಲ್ಲಿ ಒಮ್ಮೆ, ರಾತ್ರಿ ಎಂಟರ ಕತ್ತಲೆಯಲ್ಲಿ ಒಮ್ಮೆ. ದಾರಿಯಲ್ಲಿ ಎಷ್ಟು ಜನ ನಿಂತು ಮಾತಾಡಿಸಿದರು ಎಂಬುದನ್ನೂ ಎಣಿಸಿ.

ಕಳೆದ ತಿಂಗಳು ನಾನು ನಮ್ಮ ಕಟ್ಟಡದಲ್ಲೂ ಎಣಿಸಿದೆ. ಮೂರನೆಯ ಮಹಡಿಯ ಬಾಗಿಲಿನಿಂದ ಗೇಟಿಗೆ 54 ಮೆಟ್ಟಿಲು, 38 ಹೆಜ್ಜೆ. ಅಸೋಸಿಯೇಷನ್ ಸಭೆಯಲ್ಲಿ ಲಿಫ್ಟಿನ ಮಾತು ಈ ಸಲವೂ ಮುಗಿಯಲಿಲ್ಲ. ಆದರೆ ಪ್ರತಿ ತಿರುವಿನಲ್ಲೂ ಒಂದೊಂದು ಕುರ್ಚಿ ಇಡುವುದಕ್ಕೆ ಯಾರೂ ಬೇಡವೆನ್ನಲಿಲ್ಲ. ಮರುದಿನ ಬೆಳಿಗ್ಗೆ ಹಾಲು ತರಲು ಇಳಿದಾಗ ಎರಡನೆಯ ಮಹಡಿಯ ತಿರುವಿನ ಕುರ್ಚಿಯಲ್ಲಿ ಮೇಲಿನ ಮನೆಯ ಮಾಮಿ ಕೂತಿದ್ದರು. ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಅವರ ಕೈಯಲ್ಲಿ ಆ ಮನೆಯ ಕಾಫಿ ಲೋಟವಿತ್ತು.